ಉಟಗಿಯ ಕಲ್ಲು, ರತ್ನಾಗಿರಿಯ ಉಸುಕು

ಜತ್ತ ತಾಲೂಕಿನ ಉಟಗಿಯಿಂದ ರತ್ನಾಗಿರಿಯ ಕಡಲಿಗೆ ನೇರ ಗೆರೆ ಎಳೆದರೂ 200 ಕಿಲೋಮೀಟರ್ ದಾಟುತ್ತದೆ. ಆದರೂ ಅಲ್ಲಿನ ಮಾಂಡವಿ ದಂಡೆಯ ಉಸುಕು ಯಾಕೆ ಕಪ್ಪು ಎಂದು ಕೇಳಿದವರಿಗೆ ಉಟಗಿಯ ಕಡೆಯ ಒಂದು ಬಾವಿ ತೋರಿಸಿದರೆ ಸಾಕು. ಮೇಲೆ ಎರೆಮಣ್ಣು, ಕೆಳಗೆ ಗರಸು, ಅದರಡಿ ಗುದ್ದಲಿಗೆ ಜಗ್ಗದ ಕರಿಕಲ್ಲು. ಈ ಕರಿಕಲ್ಲು ಆರಿ ಗಟ್ಟಿಯಾದ ಲಾವಾ. ಎರಡೂ ಊರು ಒಂದೇ ಲಾವಾದ ಮೇಲೆ ಕೂತಿವೆ.

ಆ ಲಾವಾ ಎಷ್ಟಿತ್ತು? ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದದ್ದರಲ್ಲಿ ಸವೆದು ಉಳಿದದ್ದೇ 5 ಲಕ್ಷ ಚದರ ಕಿಲೋಮೀಟರ್. ಎರಡೂವರೆ ಕರ್ನಾಟಕ! ಹರಿದದ್ದು 10 ಲಕ್ಷ ಘನ ಕಿಲೋಮೀಟರ್ ಎಂಬ ಅಂದಾಜು ಹಿಡಿದರೆ, ಇಡೀ ಭಾರತದ ಮೇಲೆ ಸಮನಾಗಿ ಹರಡಿದರೂ 300 ಮೀಟರ್ ದಪ್ಪ. ವಿಜಯಪುರದ ಗೋಲಗುಮ್ಮಟ 51 ಮೀಟರ್. ಆರು ಗುಮ್ಮಟ ಒಂದರ ಮೇಲೊಂದು ನಿಲ್ಲಿಸಿದಷ್ಟು. (ಗುಮ್ಮಟದ ಕಲ್ಲೂ ಇದೇ ಕರಿಕಲ್ಲು.) ಕೊಯ್ನಾದಲ್ಲಿ ವಿಜ್ಞಾನಿಗಳು ಕೊರೆದಾಗ ಸುಮಾರು 930 ಮೀಟರ್ ಆಳದವರೆಗೂ ಕರಿಕಲ್ಲೇ ಬಂತು, ಆಮೇಲೆ ಗ್ರಾನೈಟ್.

ಗ್ರಾನೈಟ್ ಸವೆದರೆ ಬಿಳಿ ಬೆಣಚು ಉಳಿಯುತ್ತದೆ, ಉಸುಕು ಬೆಳ್ಳಗಾಗುತ್ತದೆ. ಕರಿಕಲ್ಲಿನಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಅದರ ಬಹುಪಾಲು ಮಳೆ ಬಿಸಿಲಿಗೆ ಕೊಳೆತು ಜೇಡಿಯಾಗುತ್ತದೆ. ಉಟಗಿ ಸೀಮೆಯ ಬಿಳಿಜೋಳ ಬೇರು ಬಿಡುವುದು ಅದರಲ್ಲೇ. ಕೊಳೆಯದೆ ಉಳಿಯುವವು ಮ್ಯಾಗ್ನೆಟೈಟ್, ಇಲ್ಮನೈಟ್ ಎಂಬ ಕಬ್ಬಿಣದ ಕಪ್ಪು ಕಾಳುಗಳು. ಒಂದೇ ಕಲ್ಲಿನ ಜೇಡಿ ಹೊಲಕ್ಕೆ, ಕಬ್ಬಿಣ ಕಡಲಿಗೆ.

ದಂಡೆಯಲ್ಲಿ ಅಲೆ ಅವನ್ನು ಕೇರುತ್ತದೆ. ನೀರಿಗಿಂತ ಬೆಣಚು 2.65 ಪಟ್ಟು ಭಾರ, ಇಲ್ಮನೈಟ್ 4.7, ಮ್ಯಾಗ್ನೆಟೈಟ್ 5.2. ಹಗುರಾದದ್ದು ನೀರಿನ ಜೊತೆ ಹಿಂದೆ ಹೋಗುತ್ತದೆ, ಭಾರದ್ದು ಕೂತುಬಿಡುತ್ತದೆ. 10 ಸೆಕೆಂಡಿಗೊಂದು ಅಲೆ ಎಂದರೂ ವರ್ಷಕ್ಕೆ 31 ಲಕ್ಷ ಸಲ ಈ ಕೇರಾಟ. ಅರ್ಧ ಮಿಲಿಮೀಟರಿನ ಕಾಳಾದರೆ ಒಂದು ಲೀಟರ್ ಉಸುಕಿನಲ್ಲಿ 90 ಲಕ್ಷ ಕಾಳು. ತಮಾಷೆಯೆಂದರೆ, ಈ ಕಪ್ಪು ಇಲ್ಮನೈಟಿನಿಂದಲೇ ನಮ್ಮ ಗೋಡೆಯ ಬಿಳಿ ಬಣ್ಣ ತಯಾರಾಗುವುದು.

ಆದರೆ ಉಟಗಿಯ ಹಳ್ಳದ ಉಸುಕು ರತ್ನಾಗಿರಿಗೆ ಹೋಗುವುದಿಲ್ಲ. ನಡುವೆ ಸಹ್ಯಾದ್ರಿ ಇದೆ. ಜತ್ತದ ನೀರು ಬೋರ ನದಿಗೆ ಇಳಿದರೂ ಡೋಣಿಗೆ ಇಳಿದರೂ ಕೊನೆಗೆ ಕೃಷ್ಣೆಯ ಪಾಲು. ಕೃಷ್ಣೆ ಹುಟ್ಟುವುದು ಅರಬ್ಬಿ ಸಮುದ್ರದಿಂದ ಬರೀ 64 ಕಿಲೋಮೀಟರ್ ದೂರದಲ್ಲಿ. ಹರಿಯುವುದು ಮಾತ್ರ ಪೂರ್ವಕ್ಕೆ, 1,400 ಕಿಲೋಮೀಟರ್. ಆ ತುದಿಯಲ್ಲಿ, ಆಂಧ್ರದ ಕೃಷ್ಣಾ ಮುಖಜಭೂಮಿಯ ದಂಡೆಗಳಲ್ಲೂ ಕರಿ ಉಸುಕಿನ ಪಟ್ಟಿಗಳಿವೆ.