ಸೀಟು ಸಿಗುವ ಸಂಭವವನ್ನು ಅಳೆಯುವುದು ಹೇಗೆ

ಬೇಡಿಕೆ ಹೆಚ್ಚು, ಸೀಟು ಕಡಿಮೆ ಇರುವ ಕಾಲೇಜಿನಲ್ಲಿ ಪ್ರವೇಶ ಸಿಗುವ ಸಂಭವ ವಿದ್ಯಾರ್ಥಿಯ ಅಂಕಗಳಿಂದ ನೇರವಾಗಿ ತಿಳಿಯುವುದಿಲ್ಲ. ಅಂಕಗಳು ರ್ಯಾಂಕನ್ನು ಕೊಡುತ್ತವೆ, ರ್ಯಾಂಕು ಸಾಲಿನಲ್ಲಿ ಒಂದು ಜಾಗವನ್ನು ಕೊಡುತ್ತದೆ. ಆ ಸಾಲಿಗೆ ಎಷ್ಟು ಸೀಟು ಮೀಸಲಾಗಿದೆ, ಮುಂದೆ ನಿಂತವರು ಏನನ್ನು ಬಯಸುತ್ತಾರೆ ಎಂಬುದು ಉಳಿದದ್ದನ್ನು ತೀರ್ಮಾನಿಸುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಪಿಯು ವಿದ್ಯಾರ್ಥಿ ಏಕಕಾಲಕ್ಕೆ ಇಂಥ ಹಲವು ಸಾಲುಗಳಲ್ಲಿ ನಿಂತಿರುತ್ತಾನೆ. ಯಾವ ಸಾಲಿನಲ್ಲಿ ತನ್ನ ಜಾಗ ಎಲ್ಲಿದೆ ಎಂಬುದನ್ನು ತಿಳಿಯದೆ ಮಾಡಿದ ಅಂದಾಜು ತಪ್ಪಾಗುತ್ತದೆ. ಹಾಗೆ ತಪ್ಪಾದಾಗ ಸಿಗಬಹುದಾಗಿದ್ದ ಸೀಟನ್ನು ಕೇಳದೆಯೇ ಬಿಟ್ಟುಬಿಡುವುದು ಹೆಚ್ಚು.

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳು ಅಂಕಗಳ ಜೊತೆಗೆ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆಗಳನ್ನೂ ತೂಗಿ ನೋಡುತ್ತವೆ. ಆ ತೀರ್ಮಾನ ಸಮಿತಿಯ ಕೋಣೆಯೊಳಗೆ ಆಗುವುದರಿಂದ ಹೊರಗಿನವರ ಅಂದಾಜು ಒರಟಾಗಿಯೇ ಉಳಿಯುತ್ತದೆ. ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬಂದ ಮೇಲೆ ವೃತ್ತಿಶಿಕ್ಷಣದ ಸೀಟು ಹಂಚಿಕೆ ಪ್ರಕಟಿತ ನಿಯಮಕ್ಕೆ ಒಳಪಟ್ಟಿದೆ. ನಿಯಮ ಬಹಿರಂಗವಾಗಿರುವುದರಿಂದ ಇಲ್ಲಿ ಸಂಭವವನ್ನು ಲೆಕ್ಕ ಹಾಕಬಹುದು.

ಎಂಜಿನಿಯರಿಂಗ್ ರ್ಯಾಂಕಿನಲ್ಲಿ ದ್ವಿತೀಯ ಪಿಯು ಪರೀಕ್ಷೆಗೆ ಅರ್ಧ, ಸಿಇಟಿಗೆ ಅರ್ಧ ಪಾಲು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪಿಯು ಅಂಕ 300ಕ್ಕೆ, ಸಿಇಟಿ ಅಂಕ 180ಕ್ಕೆ. ಎರಡನ್ನೂ ಶೇಕಡಾವಾರಿಗೆ ತಂದು ಸರಾಸರಿ ತೆಗೆಯಲಾಗುತ್ತದೆ. ಪಿಯುನಲ್ಲಿ 285, ಸಿಇಟಿಯಲ್ಲಿ 72 ಪಡೆದ ವಿದ್ಯಾರ್ಥಿನಿಯ ಸರಾಸರಿ 67.5. ಪಿಯುನಲ್ಲಿ 240, ಸಿಇಟಿಯಲ್ಲಿ 108 ಪಡೆದವಳದು 70. ಊರಿನಲ್ಲಿ ಸನ್ಮಾನ ಮೊದಲನೆಯವಳಿಗೆ ಆಗಬಹುದು, ರ್ಯಾಂಕಿನಲ್ಲಿ ಮುಂದೆ ಇರುವವಳು ಎರಡನೆಯವಳು. ನಿಯಮದಲ್ಲಿ ಎರಡು ಪರೀಕ್ಷೆಗಳ ತೂಕ ಸಮ. ಆದರೆ ಸೀಟಿಗಾಗಿ ಸ್ಪರ್ಧಿಸುವವರ ಪಿಯು ಅಂಕಗಳು ಹತ್ತಿರ ಹತ್ತಿರ ಗುಂಪುಗೂಡಿದರೆ, ಸಿಇಟಿ ಅಂಕಗಳು ದೂರ ದೂರ ಹರಡಿಕೊಳ್ಳುತ್ತವೆ. ಹರಡಿಕೆ ಹೆಚ್ಚಿರುವ ಪರೀಕ್ಷೆಯೇ ಹಿಂದು ಮುಂದನ್ನು ನಿರ್ಧರಿಸುತ್ತದೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬೋರ್ಡ್ ಪರೀಕ್ಷೆಗೆ ಮಾತ್ರ ತಯಾರಾದವರು ತಮ್ಮ ಸ್ಥಾನವನ್ನು ಇದ್ದದ್ದಕ್ಕಿಂತ ಮುಂದೆ ಎಣಿಸಿಕೊಳ್ಳುವುದು ಈ ಕಾರಣಕ್ಕೆ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳ 180 ಪ್ರಶ್ನೆಗಳನ್ನು ಓದದೆಯೇ ಗುರುತಿಸುತ್ತ ಹೋದರೂ ಸರಾಸರಿ 45 ಅಂಕ ಬರುತ್ತವೆ. ಆದ್ದರಿಂದ 50 ಅಂಕ ಎಂದರೆ ಕಲಿಕೆಯ ಲೆಕ್ಕದಲ್ಲಿ ಬಹಳ ಕಡಿಮೆ. 60 ಪ್ರಶ್ನೆಗಳ ಉತ್ತರ ಖಚಿತವಾಗಿ ತಿಳಿದು, ಉಳಿದ 120ನ್ನು ಊಹಿಸಿದವರಿಗೆ ಸರಾಸರಿ 90 ಬಂದರೂ, ಅದೃಷ್ಟದಿಂದಲೇ ಅದು ಸುಮಾರು 5 ಅಂಕ ಮೇಲೆ ಕೆಳಗೆ ಆಗುವುದು ಸಾಮಾನ್ಯ. ಸರಾಸರಿಯಲ್ಲಿ ಅದು 1.3 ಅಂಶದಷ್ಟು ವ್ಯತ್ಯಾಸ. 2024, 2025 ಎರಡೂ ವರ್ಷ ಎಂಜಿನಿಯರಿಂಗಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ರ್ಯಾಂಕ್ ಸಿಕ್ಕಿದೆ. ಅವರೆಲ್ಲ 100 ಅಂಶಗಳ ಮೇಲೆ ಸಮನಾಗಿ ಹರಡಿದ್ದರೂ ಒಂದು ಅಂಶಕ್ಕೆ 2,500 ಮಂದಿ. ವಾಸ್ತವದಲ್ಲಿ ನಡುಭಾಗದ ದಟ್ಟಣೆ ಅದಕ್ಕಿಂತ ಬಹಳ ಹೆಚ್ಚು, ತುದಿಯಲ್ಲಿ ವಿರಳ. ಹಾಗಾಗಿ ನಡುವಿನಲ್ಲಿರುವ ವಿದ್ಯಾರ್ಥಿಯ ರ್ಯಾಂಕ್ ಕೆಲವೇ ಪ್ರಶ್ನೆಗಳ ಅದೃಷ್ಟದಿಂದ ಸಾವಿರಾರು ಸ್ಥಾನ ಸರಿಯುತ್ತದೆ. ಪರೀಕ್ಷೆಗೆ ಮೊದಲು ಅಂದಾಜು ಮಾಡುವಾಗ ಒಂದೇ ಅಣಕು ಪರೀಕ್ಷೆಯ ಅತ್ಯುತ್ತಮ ಅಂಕವನ್ನು ಹಿಡಿಯಬಾರದು. ಹಲವು ಅಣಕು ಪರೀಕ್ಷೆಗಳ ಸರಾಸರಿಯನ್ನೂ ಅವುಗಳ ಏರಿಳಿತವನ್ನೂ ಒಟ್ಟಿಗೆ ನೋಡಬೇಕು.

ಹಿಂದಿನ ವರ್ಷದ ಅಂಕಗಳೊಂದಿಗೆ ಈ ವರ್ಷದ ಅಂಕಗಳನ್ನು ಹೋಲಿಸುವುದೂ ದಾರಿ ತಪ್ಪಿಸುತ್ತದೆ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆ ರದ್ದಾಗಿ ಸಿಇಟಿ ಅಂಕಗಳಿಂದಲೇ ರ್ಯಾಂಕ್ ಕೊಡಲಾಯಿತು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ 2024ರಲ್ಲಿ 720ಕ್ಕೆ 720 ಪಡೆದವರು ಹಲವರು. 2025ರ ಪ್ರಶ್ನೆಪತ್ರಿಕೆ ಎಷ್ಟು ಕಠಿಣವಾಗಿತ್ತೆಂದರೆ ದೇಶದ ಮೊದಲ ರ್ಯಾಂಕಿಗೇ ಬಂದದ್ದು 686. ಸಾಮಾನ್ಯ ವರ್ಗದ ಅರ್ಹತಾ ಅಂಕವೂ 162ರಿಂದ 144ಕ್ಕೆ ಇಳಿಯಿತು. ಹಿಂದಿನ ವರ್ಷ 600 ಅಂಕಕ್ಕೆ ಇಂಥ ಕಾಲೇಜು ಸಿಕ್ಕಿತ್ತು ಎಂಬ ಮಾಹಿತಿ ಇಂಥ ವರ್ಷಗಳಲ್ಲಿ ನಿರುಪಯುಕ್ತ. ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದದ್ದು ರ್ಯಾಂಕ್ ಒಂದೇ.

ರ್ಯಾಂಕ್ ಬಂದ ಮೇಲಿನ ಪ್ರಶ್ನೆ ಸಾಲಿನದು. ಇಲ್ಲಿ ಸಾಲನ್ನು ಮೊದಲು ಬೇರ್ಪಡಿಸುವುದು ಪ್ರದೇಶ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶ ಈ ಭಾಗದ ವಿದ್ಯಾರ್ಥಿಗಳ ಲೆಕ್ಕವನ್ನೇ ಬದಲಿಸಿತು. ಹೈದರಾಬಾದ್ ಕರ್ನಾಟಕದ, ಅಂದರೆ ಈಗಿನ ಕಲ್ಯಾಣ ಕರ್ನಾಟಕದ, ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ; ರಾಜ್ಯದ ಉಳಿದ ಭಾಗದ ಕಾಲೇಜುಗಳಲ್ಲಿ ಶೇ 8ರಷ್ಟು. ಇದರೊಳಗೆ ಜಾತಿವಾರು ಮೀಸಲಾತಿಯೂ ಅನ್ವಯಿಸುತ್ತದೆ. ಜೊತೆಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಒಳಮೀಸಲಾತಿ ಇದೆ. ಮಾದನಹಿಪ್ಪರಗಾ, ಕರಜಗಿ ಅಥವಾ ನೆಲೋಗಿಯಲ್ಲಿ ಹತ್ತು ವರ್ಷ ಓದಿದ ಮಗುವಿಗೆ ಗ್ರಾಮೀಣ ಸಾಲು ತೆರೆದಿರುತ್ತದೆ. ಅದೇ ಮಗು ನಡುವೆ ಎರಡು ವರ್ಷ ತಾಲ್ಲೂಕು ಪಟ್ಟಣದ ಶಾಲೆಗೆ ಹೋಗಿದ್ದರೆ ಆ ಸಾಲು ಮುಚ್ಚುತ್ತದೆ.

ಈ ಸಾಲುಗಳು ಕಾಗದದ ಮೇಲೆ ನಿಂತಿವೆ. ಸಹಾಯಕ ಆಯುಕ್ತರು ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರ, ತಹಶೀಲ್ದಾರ್ ಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅವುಗಳ ಆರ್‌ಡಿ ಸಂಖ್ಯೆ, ಶಾಲೆಯಿಂದ ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರ ಇವು ಅರ್ಜಿಯ ವೇಳೆಗೆ ಕೈಯಲ್ಲಿರಬೇಕು. ಒಂದು ಹಾಳೆ ಇಲ್ಲದ್ದಕ್ಕೆ ವಿದ್ಯಾರ್ಥಿ ರಾಜ್ಯದ ಸಾಮಾನ್ಯ ಸಾಲಿಗೆ ಹೋಗಿ ನಿಂತರೆ, ಎರಡು ವರ್ಷದ ಓದು ಗಳಿಸಿಕೊಟ್ಟ ಅನುಕೂಲಕ್ಕಿಂತ ದೊಡ್ಡದನ್ನು ಕಳೆದುಕೊಂಡಂತೆ. ಬೇರೆ ಯಾವ ತಯಾರಿಗೂ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಇಲ್ಲ. ಪಿಯು ಮೊದಲ ವರ್ಷದಲ್ಲೇ ಕಾಲೇಜುಗಳು ಇದನ್ನು ಮಾಡಿಸಬೇಕು.

ಸಾಲಿನ ಗಾತ್ರ ಸಂಭವದ ಸ್ವರೂಪವನ್ನೇ ಬದಲಿಸುತ್ತದೆ. 150 ಸೀಟುಗಳ ಒಂದು ಸರ್ಕಾರಿ ವೈದ್ಯಕೀಯ ಕಾಲೇಜನ್ನು ತೆಗೆದುಕೊಂಡರೆ, ಅದರಲ್ಲಿ ಶೇ 15 ಅಖಿಲ ಭಾರತ ಕೋಟಾಕ್ಕೆ ಹೋಗಿ ಸುಮಾರು 127 ಸೀಟು ರಾಜ್ಯಕ್ಕೆ ಉಳಿಯುತ್ತವೆ. ಆ ಕಾಲೇಜು ಕಲಬುರಗಿಯಲ್ಲಿದ್ದರೆ ಸ್ಥಳೀಯರ ಪಾಲು ಸುಮಾರು 89, ಮೈಸೂರಿನಲ್ಲಿದ್ದರೆ ಸುಮಾರು 10. ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 60 ಸೀಟುಗಳ ಶಾಖೆಯಿದ್ದು, ಅದರ ಶೇ 45 ಸರ್ಕಾರಿ ಕೋಟಾದಲ್ಲಿದ್ದರೆ ಸಿಗುವುದು 27. ಅದರ ಶೇ 8 ಎಂದರೆ ಎರಡೇ ಸೀಟು. ಎರಡು ಸೀಟನ್ನು ಎಲ್ಲ ಪ್ರವರ್ಗಗಳಿಗೆ ಹಂಚಲಾಗದು. ಒಂದು ಶಾಖೆಯಲ್ಲಿ ಅದು ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ, ಇನ್ನೊಂದರಲ್ಲಿ ಪರಿಶಿಷ್ಟ ಜಾತಿಗೆ, ಮತ್ತೊಂದರಲ್ಲಿ ಸಾಮಾನ್ಯ ವರ್ಗಕ್ಕೆ ಬೀಳಬಹುದು.

ಹಿಂದಿನ ವರ್ಷ ಕೊನೆಯದಾಗಿ ಸೀಟು ಪಡೆದವರ ರ್ಯಾಂಕನ್ನು ಕಟಾಫ್ ಎನ್ನುತ್ತಾರೆ. ಸೀಟು ಹೆಚ್ಚಿದ್ದಲ್ಲಿ ಅದು ಸ್ಥಿರ, ಕಡಿಮೆ ಇದ್ದಲ್ಲಿ ಅದು ವರ್ಷಕ್ಕೊಂದು ಕಡೆ ಜಿಗಿಯುತ್ತದೆ. ಅರ್ಹ ಅಭ್ಯರ್ಥಿಗಳು ರ್ಯಾಂಕ್ ಪಟ್ಟಿಯ ಉದ್ದಕ್ಕೂ ಗೊತ್ತುಗುರಿಯಿಲ್ಲದೆ ಚದುರಿದ್ದಾರೆ ಎಂದು ಭಾವಿಸಿದರೆ, ಕಟಾಫ್‌ನ ಸಹಜ ಏರಿಳಿತ ಸೀಟುಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಸರಳ ಫಲಿತಾಂಶ. 89 ಸೀಟಿದ್ದರೆ ಏರಿಳಿತ ಸುಮಾರು ಶೇ 11, 10 ಸೀಟಿಗೆ ಸುಮಾರು ಶೇ 32, ಎರಡಕ್ಕೆ ಸುಮಾರು ಶೇ 71. ಸರಾಸರಿ ಕಟಾಫ್ 20,000 ಎಂದು ಊಹಿಸಿಕೊಂಡರೆ, 89 ಸೀಟಿನ ಸಾಲಿನಲ್ಲಿ ಅದು 2,000ದಷ್ಟು ಆಚೀಚೆ ಆಗಬಹುದು. ಎರಡು ಸೀಟಿನ ಸಾಲಿನಲ್ಲಿ 14,000ದಷ್ಟು. ಮೊದಲ ಸಾಲಿನಲ್ಲಿ 26,000 ರ್ಯಾಂಕಿನವರ ಆಸೆ ಹೆಚ್ಚುಕಡಿಮೆ ಮುಗಿದಂತೆ. ಎರಡನೆಯದರಲ್ಲಿ ಅದೇ ರ್ಯಾಂಕಿಗೆ ಗಮನಾರ್ಹ ಸಂಭವ ಉಳಿದಿರುತ್ತದೆ, 14,000 ರ್ಯಾಂಕಿನವರಿಗೂ ಭರವಸೆ ಇರುವುದಿಲ್ಲ. ಕಲಬುರಗಿ, ರಾಯಚೂರು, ಬೀದರ್‌ಗಳ ಶೇ 70ರ ಸಾಲಿನ ಕಟಾಫನ್ನು ತಕ್ಕಮಟ್ಟಿಗೆ ನಂಬಬಹುದು. ಬೆಂಗಳೂರಿನ ಶೇ 8ರ ಸಾಲಿನದನ್ನು ಒಂದು ವರ್ಷದ ಪಟ್ಟಿ ನೋಡಿ ನಂಬಬಾರದು. ಕನಿಷ್ಠ ಮೂರು ವರ್ಷದ, ಹಂಚಿಕೆಯ ಅದೇ ಸುತ್ತಿನ, ಅದೇ ಪ್ರವರ್ಗದ ಕಟಾಫ್‌ಗಳನ್ನು ಒಟ್ಟಿಗೆ ನೋಡಿದರೆ ಏರಿಳಿತ ಕಣ್ಣಿಗೆ ಕಾಣುತ್ತದೆ. ಸೀಟುಗಳ ಸಂಖ್ಯೆ ಬದಲಾದಾಗಲೂ ಹಳೆಯ ಕಟಾಫ್ ಸಡಿಲವಾಗುತ್ತದೆ. ಒಂದು ಶಾಖೆಗಿದ್ದ ಗರಿಷ್ಠ ಸೀಟಿನ ಮಿತಿಯನ್ನು ಎಐಸಿಟಿಇ 2024ರಲ್ಲಿ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಶಾಖೆಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಹತ್ತು ಕಾಲೇಜುಗಳನ್ನು ಬರೆದರೆ ಒಂದಾದರೂ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕವೂ ಪೂರ್ಣ ಸರಿಯಲ್ಲ. ಪ್ರತಿಯೊಂದರಲ್ಲೂ ಶೇ 30ರ ಸಂಭವವಿದ್ದು ಅವು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಎಲ್ಲವೂ ತಪ್ಪುವ ಸಂಭವ ಶೇ 3ಕ್ಕಿಂತ ಕಡಿಮೆ. ಆದರೆ ಹತ್ತೂ ಕಡೆ ತೀರ್ಮಾನಿಸುವುದು ಒಂದೇ ರ್ಯಾಂಕ್. ಅದು ಹಿಂದೆ ಬಿದ್ದರೆ ಹತ್ತೂ ಒಟ್ಟಿಗೆ ಕೈತಪ್ಪುತ್ತವೆ. ಒಂದೇ ಮಟ್ಟದ ಹತ್ತು ಕಾಲೇಜುಗಳಿಗಿಂತ ಬೇರೆ ಬೇರೆ ಮಟ್ಟದ ಕಾಲೇಜುಗಳು, ಬೇರೆ ಶಾಖೆಗಳು, ಬೇರೆ ಪರೀಕ್ಷೆಯ ರ್ಯಾಂಕುಗಳು ಸೇರಿದಾಗ ಮಾತ್ರ ಅಪಾಯ ನಿಜವಾಗಿ ಕಡಿಮೆಯಾಗುತ್ತದೆ.

ಕಾಲೇಜುಗಳನ್ನು ಆದ್ಯತೆಯಂತೆ ಪಟ್ಟಿ ಮಾಡುವ ಆಪ್ಷನ್ ಎಂಟ್ರಿಯ ಕ್ರಮದಲ್ಲಿ ಸಂಭವವನ್ನು ಬೆರೆಸಬಾರದು. ಹಂಚಿಕೆಯ ಗಣಕ ವ್ಯವಸ್ಥೆ ರ್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯಲ್ಲಿ ಮೇಲಿನಿಂದ ನೋಡುತ್ತ, ಅವರಿಗೆ ಅರ್ಹತೆಯಿರುವ ಸೀಟು ಎಲ್ಲಿ ಖಾಲಿಯಿದೆಯೋ ಅದನ್ನು ಕೊಡುತ್ತದೆ. ಮೊದಲನೇ ಆಯ್ಕೆ ಸಿಗಲಿಲ್ಲವೆಂದು ಎರಡನೆಯದರಲ್ಲಿ ಹಿಂದಕ್ಕೆ ತಳ್ಳುವುದಿಲ್ಲ. ಹೀಗಾಗಿ ಸಿಗಲಾರದೆನಿಸುವ ಕಾಲೇಜನ್ನು ಮೊದಲು ಬರೆಯುವುದರಿಂದ ನಷ್ಟವಿಲ್ಲ, ಬರೆಯದಿದ್ದರೆ ಮಾತ್ರ ನಷ್ಟವಿದೆ. ಮನಸ್ಸಿನಲ್ಲಿರುವ ಕ್ರಮವನ್ನೇ ಪ್ರಾಮಾಣಿಕವಾಗಿ ಬರೆಯುವುದು ಲಾಭಕರ ಎಂಬುದನ್ನು ಹಂಚಿಕೆಯ ಗಣಿತ ಸಾಧಿಸಿ ತೋರಿಸಿದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಕಾಲೇಜು ಪ್ರವೇಶದ ಕುರಿತೇ ಬರೆದ ಪ್ರಬಂಧ ಈ ಅಧ್ಯಯನಕ್ಕೆ ಬುನಾದಿ. ಈ ಅಧ್ಯಯನಕ್ಕೇ 2012ರಲ್ಲಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಸಂಭವದ ಅಂದಾಜು ಬೇಕಾಗುವುದು ಪಟ್ಟಿಯ ಕ್ರಮಕ್ಕಲ್ಲ, ಪಟ್ಟಿಯ ಉದ್ದಕ್ಕೆ: ಕೆಳಗೆ ಎಷ್ಟು ಖಚಿತವಾದ ಆಯ್ಕೆಗಳನ್ನು ಸೇರಿಸಬೇಕು ಎಂದು ತಿಳಿಯಲು. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಎಲ್ಲಿಯೂ ಬರೆಯಬಾರದು. ಏಕೆಂದರೆ ಮುಂದಿನ ಸುತ್ತಿನಲ್ಲಿ ಹೊಸ ಸೀಟು ಸಿಕ್ಕರೆ ಕೈಯಲ್ಲಿದ್ದ ಹಳೆಯದು ರದ್ದಾಗುತ್ತದೆ.

ಗಡಿಯ ತಾಲ್ಲೂಕುಗಳಿಗೆ ಇನ್ನೊಂದು ಲೆಕ್ಕವಿದೆ. ಅಫಜಲಪುರ ಮತ್ತು ಆಳಂದದಿಂದ ಸೊಲ್ಲಾಪುರ ಹತ್ತಿರ; ಹತ್ತನೇ ತರಗತಿಯ ನಂತರ ಅಲ್ಲಿಗೋ ಲಾತೂರಿಗೋ ಮಕ್ಕಳನ್ನು ಕಳುಹಿಸುವ ಮನೆಗಳಿವೆ. ಕರ್ನಾಟಕದಲ್ಲಿ ಏಳು ವರ್ಷ ಓದಿ ಇಲ್ಲಿಯೇ ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರಿಗೆ ಸಿಇಟಿಯ ಬಾಗಿಲು ಆಗಲೂ ತೆರೆದಿರುತ್ತದೆ. ಆದರೆ ಎನ್‌ಐಟಿಗಳು ತವರು ರಾಜ್ಯದವರಿಗೆ ಇಡುವ ಅರ್ಧದಷ್ಟು ಸೀಟುಗಳಿಗೆ ಹನ್ನೆರಡನೇ ತರಗತಿ ಯಾವ ರಾಜ್ಯದಲ್ಲಿ ಮುಗಿಯಿತು ಎಂಬುದೇ ಅಳತೆ. ಸೊಲ್ಲಾಪುರದಲ್ಲಿ ಹನ್ನೆರಡನೆಯದನ್ನು ಮುಗಿಸಿದ ಅಫಜಲಪುರದ ಹುಡುಗಿಗೆ ತವರಿನ ಎನ್‌ಐಟಿ ಸುರತ್ಕಲ್ ಅಲ್ಲ, ನಾಗಪುರ. ಗಡಿಯ ಆಚೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಮಾತೃಭಾಷಿಕ ವಿದ್ಯಾರ್ಥಿಗಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಅವಕಾಶ ಬೇರೆಯೇ ಇದೆ.

ಐಐಟಿಗಳಲ್ಲಿ ತವರು ರಾಜ್ಯದ ಪಾಲಿಲ್ಲ. ರಾಷ್ಟ್ರಮಟ್ಟದ ಸಂಸ್ಥೆಗಳಿಗೆ ಕೇಂದ್ರದ ಮೀಸಲಾತಿ ಪಟ್ಟಿಯೇ ಅನ್ವಯ: ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಇತರೆ ಹಿಂದುಳಿದ ವರ್ಗಕ್ಕೆ ಶೇ 27, ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10. ರಾಜ್ಯದ ಪ್ರವರ್ಗ ಪ್ರಮಾಣಪತ್ರ ಅಲ್ಲಿ ಸಾಲದು, ಕೇಂದ್ರದ ನಮೂನೆಯದೇ ಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ, 2009ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ಗುಂಪಿನದು. ಅಲ್ಲಿನ ಪದವಿ ಪ್ರವೇಶಕ್ಕೆ 2022ರಿಂದ ಸಿಯುಇಟಿ ಪರೀಕ್ಷೆ ಬರೆಯಬೇಕು. ಪಿಯು ಮತ್ತು ಸಿಇಟಿ ಎರಡರಿಂದಲೂ ಬೇರೆಯಾದ ಅಂಕ ಇದಾದ್ದರಿಂದ, ಅವೆರಡರಲ್ಲಿ ಹಿಂದೆ ಬಿದ್ದವರಿಗೂ ಇಲ್ಲಿ ಹೊಸ ಲೆಕ್ಕ ಶುರುವಾಗುತ್ತದೆ. ಅದಕ್ಕೆ ಅರ್ಜಿ ಹಾಕುವ ಅವಧಿ ಮಾತ್ರ ಪಿಯು ಫಲಿತಾಂಶ ಬರುವ ಮೊದಲೇ ಮುಗಿದುಹೋಗುತ್ತದೆ.