ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್: ತಾಪ ಏರುವುದೇಕೆ, ಇಳಿಸುವುದು ಹೇಗೆ?

ಜ್ವರ ರೋಗವಲ್ಲ, ರೋಗದ ಲಕ್ಷಣ. ವೈದ್ಯನಾಗಿ ಈ ಮಾತನ್ನು ರೋಗಿಗಳಿಗೆ ಹಲವು ವರ್ಷಗಳಿಂದ ಹೇಳುತ್ತ ಬಂದ ನಾನು, ನನ್ನ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅದನ್ನು ಮರೆತೆ.

ಮಸ್ಕತ್ತಿನ ನಮ್ಮ ಮನೆಯಲ್ಲಿ 2011ರ ಕಾಲದ ಡೆಸ್ಕ್‌ಟಾಪ್ ಒಂದಿದೆ. ತಾಳಮದ್ದಳೆ ಕೂಟಗಳಲ್ಲಿ ನನ್ನ ತಂದೆಯವರು ಹೇಳಿದ ಅರ್ಥದ ಕ್ಯಾಸೆಟ್‌ಗಳನ್ನು ಅದರಲ್ಲಿ ಡಿಜಿಟಲ್ ರೂಪಕ್ಕೆ ತರುತ್ತಿದ್ದೆ. ಒಂದು ಕ್ಯಾಸೆಟ್ ಓಡುತ್ತಿರುವಾಗಲೇ ಹಿಂದಿನದರ ಕರ್ಕಶ ಸದ್ದನ್ನು ಶೋಧಿಸುವ ಕೆಲಸವೂ ಸಾಗಬೇಕೆಂದು, 2 ಕೋರ್‌ಗಳ ಐ3-2100 ಪ್ರೊಸೆಸರ್ ತೆಗೆದು, ಅದೇ ಸಾಕೆಟ್ಟಿಗೆ ಹೊಂದುವ 4 ಕೋರ್‌ಗಳ ಐ7-2600 ಕೂರಿಸಿದೆ. ಅಂದಿನಿಂದ ಯಂತ್ರ ನಡುವೆಯೇ ಆರಿಹೋಗತೊಡಗಿತು. ಹಾಗಾದಾಗಲೆಲ್ಲ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಓಡಿಸಬೇಕು. ಆ ಜೀರ್ಣ ಟೇಪು ಅದನ್ನು ಎಷ್ಟು ಸಲ ತಾಳೀತು?

ತಾಪದ ಲೆಕ್ಕ

ತಯಾರಕರು ನಿಗದಿಪಡಿಸಿದ ಉಷ್ಣ ಪ್ರಮಾಣ ಐ3-2100ಕ್ಕೆ 65 ವಾಟ್, ಐ7-2600ಕ್ಕೆ 95 ವಾಟ್. ಹಳೆಯ ಹೀಟ್‌ಸಿಂಕ್ ಪ್ರತಿ ವಾಟಿಗೆ ಅರ್ಧ ಡಿಗ್ರಿಯಷ್ಟು ತಾಪ ಉಳಿಸಿಕೊಳ್ಳುತ್ತದೆ ಎಂದು ಭಾವಿಸೋಣ. ಮೊದಲನೆಯದು ಸುತ್ತಲಿನ ಗಾಳಿಗಿಂತ ಸುಮಾರು 33 ಡಿಗ್ರಿ, ಎರಡನೆಯದು 48 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಕೋಣೆ 26 ಡಿಗ್ರಿ ಇದ್ದರೆ 74, ಎ.ಸಿ. ಆರಿಸಿದ ಕೊಲ್ಲಿಯ ಬೇಸಿಗೆಯ ಕೋಣೆ 40 ಡಿಗ್ರಿ ಮುಟ್ಟಿದರೆ 88. ಫ್ಯಾನ್ ಎಷ್ಟೇ ದೊಡ್ಡದಿರಲಿ, ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ತಾಪ ನೂರರ ಸಮೀಪಕ್ಕೆ ಬಂದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದರಿಂದಲೂ ತಾಪ ತಗ್ಗದಿದ್ದರೆ, ಸುಡದಂತೆ ಯಂತ್ರವನ್ನೇ ನಿಲ್ಲಿಸುತ್ತದೆ.

ನನ್ನ ತಪ್ಪು

ನಾನು ಮಾಡಿದ್ದು ನಿದಾನಕ್ಕೆ ಮೊದಲೇ ಚಿಕಿತ್ಸೆ. ಕ್ಯಾಬಿನೆಟ್ಟಿಗೆ ಇನ್ನೊಂದು ಫ್ಯಾನ್ ಕೊಂಡು ಹಾಕಿದೆ, ಫಲ ಕಾಣಲಿಲ್ಲ. ಬಳಿಕ ಉಷ್ಣಾಂಶ ತೋರಿಸುವ ತಂತ್ರಾಂಶದಲ್ಲಿ ನೋಡಿದರೆ, ಕೆಲಸವಿಲ್ಲದೆ ಸುಮ್ಮನಿದ್ದಾಗಲೇ 62 ಡಿಗ್ರಿ! ಕೆಲಸ ಕೊಟ್ಟೊಡನೆ ನಿಮಿಷಗಳಲ್ಲಿ ಮಿತಿ ಮುಟ್ಟುತ್ತಿತ್ತು. 30 ವಾಟ್ ಹೆಚ್ಚಾದದ್ದರಿಂದಷ್ಟೇ ಹೀಗಾಗದು.

ನಮ್ಮ ದೇಹದ ಒಳಗಿನ ಶಾಖವನ್ನು ರಕ್ತವು ಚರ್ಮಕ್ಕೆ ಒಯ್ಯುತ್ತದೆ, ಚರ್ಮ ಗಾಳಿಗೆ ಬಿಡುತ್ತದೆ. ಇಲ್ಲಿಯೂ ಶಾಖದ ದಾರಿ ಹಾಗೆಯೇ: ಪ್ರೊಸೆಸರ್, ಥರ್ಮಲ್ ಪೇಸ್ಟ್, ಹೀಟ್‌ಸಿಂಕ್, ಗಾಳಿ. ಒಂದು ಕೊಂಡಿ ತಪ್ಪಿದರೂ ಮುಂದಿನವು ನಿಷ್ಫಲ. ಮದರ್‌ಬೋರ್ಡನ್ನು ಹೊರತೆಗೆದು ಹಿಂಬದಿ ನೋಡಿದಾಗ, ಹೀಟ್‌ಸಿಂಕನ್ನು ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಪೂರ್ತಿ ಒಳಹೋಗಿರಲಿಲ್ಲ. ಆ ಮೂಲೆಯಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಗಾಳಿ ನಿಂತಿತ್ತು. ತಾಮ್ರದ ಉಷ್ಣವಾಹಕತೆ ಸುಮಾರು 400 ಆದರೆ, ಅದೇ ಮಾನದಲ್ಲಿ ಗಾಳಿಯದು ಕೇವಲ 0.026. ಸೂಕ್ಷ್ಮ ಸಂದುಗಳಿಂದ ಗಾಳಿಯನ್ನು ಹೊರದೂಡುವುದೇ ಪೇಸ್ಟಿನ ಕೆಲಸ; ಸಡಿಲಾದ ಹಿಡಿತವನ್ನು ಅದು ಸರಿಪಡಿಸಲಾರದು.

ಸರಿಯಾದ ಕ್ರಮ

ವಿದ್ಯುತ್ ತಂತಿಯನ್ನು ಕಳಚಿದ ಮೇಲೆಯೇ ಕೈ ಹಾಕಿ. ಹೀಟ್‌ಸಿಂಕ್ ತೆಗೆದಾಗಲೆಲ್ಲ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಾಕಬೇಕು. ನಡುವೆ ಬಟಾಣಿಯಷ್ಟು ಸಾಕು. ಹೆಚ್ಚಾದ ಪೇಸ್ಟು ಶಾಖದ ದಾರಿಯನ್ನೇ ಉದ್ದ ಮಾಡುತ್ತದೆ. ಗೂಟಗಳನ್ನು ಕರ್ಣರೇಖೆಯಲ್ಲಿ, ಎದುರುಬದುರಾಗಿ ಟಿಕ್ ಎನ್ನುವವರೆಗೆ ಒತ್ತಿ, ನಾಲ್ಕೂ ಹಿಂಬದಿಯಲ್ಲಿ ಅರಳಿಕೊಂಡಿವೆಯೇ ಎಂದು ನೋಡಿ. ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಧೂಳನ್ನು ಊದಿ ತೆಗೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಕ್ಯಾಬಿನೆಟ್ಟಿನಲ್ಲಿ ಗಾಳಿ ಮುಂದಿನಿಂದ ಬಂದು ಹಿಂದಕ್ಕೆ ಹೋಗಬೇಕು. ಇಷ್ಟಾದರೂ ತಾಪ ಇಳಿಯದಿದ್ದರೆ ಮಾತ್ರ ದೊಡ್ಡ ಹೀಟ್‌ಸಿಂಕ್ ಕೊಳ್ಳಿ.

ಇದಿಷ್ಟನ್ನು ಮಾಡಿದ ಮೇಲೆ ನನ್ನ ಯಂತ್ರದಲ್ಲಿ ಸುಮ್ಮನಿದ್ದಾಗ 41, ದುಡಿಯುವಾಗ 75 ಡಿಗ್ರಿ, ಲೆಕ್ಕಕ್ಕೆ ಹತ್ತಿರವೇ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ನಾಡಿ, ರಕ್ತದೊತ್ತಡ ಬರೆದಿಡುತ್ತೇವೆ. ಪ್ರೊಸೆಸರ್ ಬದಲಿಸುವ ಮುನ್ನವೂ ಉಷ್ಣಾಂಶ ಬರೆದಿಡಿ. ಬದಲಿಸಿದ ಮೊದಲ ಗಂಟೆಯಲ್ಲೇ ಮತ್ತೆ ನೋಡಿ. ನಾನು ಹಾಗೆ ಮಾಡಿದ್ದರೆ ಒಂದು ಕ್ಯಾಸೆಟ್ ಉಳಿಯುತ್ತಿತ್ತು. ಮೂರನೆಯ ಸಲ ಓಡಿಸುವಾಗ ಅದರ ಟೇಪು ತುಂಡಾಯಿತು. ಉಳಿದವೆಲ್ಲ ಈಗ ಸುರಕ್ಷಿತವಾಗಿವೆ, ಎರಡು ಪ್ರತಿಗಳಲ್ಲಿ.