ಚಕ್ರದ ಮೇಲೆ ಮನೆ, ಕಡಲ ದಡದಲ್ಲಿ ಕೆಲಸ

ನಿವೃತ್ತಿಯ ನಂತರ ಏನು? ಐವತ್ತೈದು ದಾಟುತ್ತಿದ್ದಂತೆ ನೌಕರಿಯಲ್ಲಿರುವ ಎಲ್ಲರನ್ನೂ ಕಾಡುವ ಪ್ರಶ್ನೆ ಇದು. ಮೊಮ್ಮಕ್ಕಳನ್ನು ಆಡಿಸುವುದು, ತೀರ್ಥಯಾತ್ರೆ, ಬೆಳಗಿನ ವಾಕಿಂಗ್, ತಿಂಗಳ ಮೊದಲ ವಾರ ಪಿಂಚಣಿಗಾಗಿ ಬ್ಯಾಂಕಿನ ಸಾಲು, ಇವೆಲ್ಲ ನಮಗೆ ಪರಿಚಿತ ಉತ್ತರಗಳು. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ ಕೆಲವು ದಂಪತಿ ಬೇರೆಯದೇ ಉತ್ತರ ಕಂಡುಕೊಂಡಿದ್ದಾರೆ. ಇದ್ದ ಮನೆಗೆ ಬೀಗ ಹಾಕಿ, ಇಲ್ಲವೇ ಮನೆಯನ್ನೇ ಮಾರಿ, ಚಕ್ರವಿರುವ ಮನೆಯಲ್ಲಿ ಸಂಸಾರ ಹೂಡುತ್ತಾರೆ. ಸಮುದ್ರ ದಡದ ಸರ್ಕಾರಿ ಉದ್ಯಾನಗಳಿಗೆ ಹೋಗಿ ಸಂಬಳವಿಲ್ಲದ ಕೆಲಸಕ್ಕೆ ನಿಲ್ಲುತ್ತಾರೆ. ಅಲ್ಲಿ ಒಲೆಯ ಬೂದಿ ಬಾಚುತ್ತಾರೆ, ಸೌದೆ ಮಾರುತ್ತಾರೆ, ದೀಪಸ್ತಂಭ ತೋರಿಸುತ್ತಾರೆ, ದುರ್ಬೀನು ಹಿಡಿದು ತಿಮಿಂಗಿಲ ಹುಡುಕುತ್ತಾರೆ.

ಕೇಳಲು ವಿಚಿತ್ರವೆನಿಸಬಹುದು. ಆದರೆ ಈ ಬದುಕಿನ ಹಿಂದೆ ಒಂದು ಲೆಕ್ಕವಿದೆ, ಸಾಕಷ್ಟು ವಿಜ್ಞಾನವಿದೆ, ಜೊತೆಗೆ ಎಲ್ಲರೂ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯೂ ಇದೆ.

ಎಂಟೂವರೆ ಅಡಿ ಅಗಲದ ಸಂಸಾರ

ಇಂಥ ಮನೆಗೆ ಅಲ್ಲಿ ಆರ್.ವಿ. ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಬಸ್ಸಿನಂತೆ ತಾನೇ ಓಡುವುದು ಒಂದು, ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವುದು ಇನ್ನೊಂದು. ರಸ್ತೆಯ ನಿಯಮದಂತೆ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿ ಮೀರುವಂತಿಲ್ಲ. ಉದ್ದ ಮೂವತ್ತು ಅಡಿ ಎಂದುಕೊಂಡರೆ ಸಿಗುವುದು 255 ಚದರ ಅಡಿ. ನಮ್ಮ ಮೂವತ್ತು-ನಲವತ್ತರ ಸೈಟು 1200 ಚದರ ಅಡಿ. ಅದರ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚಿನ ಜಾಗದಲ್ಲೇ ಮಂಚ, ಅಡಿಗೆಮನೆ, ಬಚ್ಚಲು, ಕಪಾಟು ಎಲ್ಲವೂ ಇರಬೇಕು. ಗಾಡಿ ನಿಂತಾಗ ಹೊರಕ್ಕೆ ಜಾರುವ ಗೋಡೆಗಳಿದ್ದರೆ ಸ್ವಲ್ಪ ಉಸಿರಾಡಬಹುದು, ಅಷ್ಟೆ.

ಹೀಗಾಗಿ ಮೊದಲ ಪರೀಕ್ಷೆ ಎದುರಾಗುವುದು ಹೊರಡುವ ಮುಂಚೆಯೇ. ನಲವತ್ತು ವರ್ಷ ಕೂಡಿಟ್ಟ ಸಾಮಾನಿನಲ್ಲಿ ಯಾವುದು ಬೇಕು, ಯಾವುದು ಬೇಡ? ಮದುವೆಯಲ್ಲಿ ಬಂದ ಪಾತ್ರೆ, ಮಕ್ಕಳ ಶಾಲೆಯ ಬಹುಮಾನ, ಪುಸ್ತಕದ ಬೀರು ಎಲ್ಲವನ್ನೂ ಒಂದೊಂದಾಗಿ ತೂಗಿ ನೋಡಬೇಕು. ತೂಗುವುದು ಎಂದರೆ ನಿಜವಾಗಿಯೂ ತೂಗುವುದೇ. ಗಾಡಿ ಹೊರಬಲ್ಲ ಭಾರಕ್ಕೆ ಮಿತಿಯಿದೆ. ಅದು ಮೀರಿದರೆ ಟೈರು ಸಿಡಿಯುತ್ತದೆ, ಇಳಿಜಾರಿನಲ್ಲಿ ಬ್ರೇಕು ಸಾಲದಾಗುತ್ತದೆ.

ಉದ್ಯಾನಕ್ಕೆ ಬಂದು ನಿಂತ ಮೇಲೆ ವಿದ್ಯುತ್ತು ಮತ್ತು ನೀರಿನ ಜೋಡಣೆ. ಅಮೆರಿಕದಲ್ಲಿ ಮನೆಬಳಕೆಯ ವಿದ್ಯುತ್ತು 120 ವೋಲ್ಟು. ಅನೇಕ ಗಾಡಿಗಳಿಗೆ ಸಿಗುವುದು 30 ಆಂಪಿಯರ್ ಸಂಪರ್ಕ. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಗುಣಿಸಿ ಹೇಳಬಲ್ಲ, ಒಟ್ಟು 3600 ವ್ಯಾಟ್. ಚಳಿಯೆಂದು 1500 ವ್ಯಾಟಿನ ಹೀಟರು ಹಾಕಿದ್ದಾರೆ, ಚಹಾಕ್ಕೆಂದು 1500 ವ್ಯಾಟಿನ ಕೆಟಲು ಇಟ್ಟಿದ್ದಾರೆ. ಅಷ್ಟರಲ್ಲಿ ಇನ್ನೊಬ್ಬರು ಅಷ್ಟೇ ವಿದ್ಯುತ್ತು ಎಳೆಯುವ ಮೈಕ್ರೋವೇವ್ ಒಲೆಯ ಗುಂಡಿ ಒತ್ತಿದರೆ ಮೊತ್ತ 4500 ವ್ಯಾಟ್. ಬ್ರೇಕರು ಬೀಳುತ್ತದೆ, ಮನೆ ಕತ್ತಲಾಗುತ್ತದೆ. "ನೀನು ಮುಗಿಸು, ಆಮೇಲೆ ನಾನು" ಎಂಬ ಹೊಂದಾಣಿಕೆಯನ್ನು ವಿದ್ಯುತ್ತಿನ ಲೆಕ್ಕವೇ ಕಲಿಸಿಬಿಡುತ್ತದೆ.

ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿರುತ್ತವೆ. ಒಂದು ಒಳ್ಳೆಯ ನೀರಿಗೆ, ಒಂದು ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ, ಮೂರನೆಯದು ಪಾಯಿಖಾನೆಗೆ. ತುಂಬಿದ ತೊಟ್ಟಿಗೆ ಕೊಳವೆ ಜೋಡಿಸಿ ಖಾಲಿ ಮಾಡುವ ಕೆಲಸವನ್ನು ಮನೆಯವರೇ ಮಾಡಬೇಕು. ಹಿಂದೆ ಎಂಥ ಹುದ್ದೆಯಲ್ಲಿದ್ದವರೇ ಆಗಲಿ, ಇದಕ್ಕೆ ಆಳು ಸಿಗುವುದಿಲ್ಲ.

ಕೊಡು-ಕೊಳ್ಳುವ ಲೆಕ್ಕ

ರಾಜ್ಯ ಉದ್ಯಾನಗಳಲ್ಲಿ ಇಂಥವರನ್ನು ಕ್ಯಾಂಪ್ ಹೋಸ್ಟ್, ಅಂದರೆ ಬಿಡಾರದ ಆತಿಥೇಯರು ಎಂದು ಕರೆಯುತ್ತಾರೆ. ಒಪ್ಪಂದ ಸರಳ. ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳು ಇರಬೇಕು, ವಾರಕ್ಕೆ ಇಪ್ಪತ್ತು ಗಂಟೆಯಷ್ಟು ಕೆಲಸ ಮಾಡಬೇಕು. ಪ್ರತಿಯಾಗಿ ಗಾಡಿ ನಿಲ್ಲಿಸಲು ಜಾಗ, ನೀರು, ವಿದ್ಯುತ್ತು ಉಚಿತ. ಸೇರಿಸಿಕೊಳ್ಳುವ ಮುನ್ನ ಅರ್ಜಿದಾರರ ಪೂರ್ವಾಪರ ವಿಚಾರಿಸುತ್ತಾರೆ, ನಂತರ ಕೆಲಸ ಕಲಿಸುತ್ತಾರೆ. ಅಧಿಕಾರ ಮಾತ್ರ ಕೊಡುವುದಿಲ್ಲ. ರಾತ್ರಿ ಗಲಾಟೆ ಮಾಡುವವರಿಗೆ ನಿಯಮವನ್ನು ನೆನಪಿಸಬಹುದು. ಮಾತು ಬೆಳೆದರೆ ಉದ್ಯಾನದ ರೇಂಜರನ್ನು ಕರೆಯಬೇಕು.

ಅವರ ದಿನ ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಗ್ಗೆ ಕಾಫಿ ಮುಗಿಸಿ ಸ್ವಯಂಸೇವಕರ ಮೇಲಂಗಿ ತೊಟ್ಟು, ಬಕೆಟು, ಸಲಿಕೆ, ಪೊರಕೆ ಹಿಡಿದು ಹೊರಡುತ್ತಾರೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಹಿಂದಿನ ದಿನದ ಪ್ರವಾಸಿಗಳು ಜಾಗ ಖಾಲಿ ಮಾಡಿರುತ್ತಾರೆ. ಒಬ್ಬರು ಬೆಂಕಿಗುಂಡಿಯ ಬೂದಿ ಬಾಚಿದರೆ ಇನ್ನೊಬ್ಬರು ಮೇಜು ಒರೆಸಿ ಕಸ ಹೆಕ್ಕುತ್ತಾರೆ. ಬೂದಿಯೆಂದು ಉದಾಸೀನ ಮಾಡುವಂತಿಲ್ಲ. ಬೂದಿ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಅದರಡಿಯ ಕೆಂಡ ರಾತ್ರಿ ಕಳೆದರೂ ಜೀವಂತವಾಗಿರುತ್ತದೆ. ನೀರು ಹುಯ್ದು, ಕಲಕಿ, ಕೈಯನ್ನು ಹತ್ತಿರ ಹಿಡಿದು ನೋಡಿದ ಮೇಲೆಯೇ ಬಕೆಟಿಗೆ ತುಂಬಬೇಕು. ಮಧ್ಯಾಹ್ನ ಊಟ, ಸಣ್ಣ ನಿದ್ದೆ. ಸಂಜೆ ಹೊಸ ಪ್ರವಾಸಿಗಳು ಬರತೊಡಗುತ್ತಾರೆ. ಸೌದೆ ಕೊಡಿ, ನಲ್ಲಿ ಎಲ್ಲಿ, ಮಗುವಿಗೆ ಜ್ವರ, ಹತ್ತಿರದ ಆಸ್ಪತ್ರೆ ಯಾವುದು ಎಂಬ ಪ್ರಶ್ನೆಗಳಿಗೆಲ್ಲ ಈ ದಂಪತಿಯೇ ಉತ್ತರ.

ದೀಪ ಮತ್ತು ತಿಮಿಂಗಿಲ

ಬೂದಿ ಬಾಚುವುದರಲ್ಲೇ ಎಲ್ಲ ಮುಗಿಯುವುದಿಲ್ಲ. ಫ್ಲಾರೆನ್ಸ್ ಪಟ್ಟಣದ ಉತ್ತರಕ್ಕೆ ಹೆಸೀಟಾ ಹೆಡ್ ಎಂಬ ದೀಪಸ್ತಂಭವಿದೆ. ಮೊದಲು ಬೆಳಗಿದ್ದು 1894ರಲ್ಲಿ. 1963ರಲ್ಲಿ ಅದು ಸ್ವಯಂಚಾಲಿತವಾದ ಮೇಲೆ ಕಾವಲುಗಾರರಿಗೆ ಕೆಲಸವಿಲ್ಲದಾಯಿತು. ಈಗ ಬಂದವರಿಗೆ ಅದರ ಕಥೆ ಹೇಳುವವರು ಸ್ವಯಂಸೇವಕರು.

ಹೇಳಲು ಅವರಿಗೆ ಬೇಕಾದಷ್ಟಿದೆ. ದೂರಕ್ಕೆ ಬೆಳಕು ಎಸೆಯಲು ದೊಡ್ಡ ಮಸೂರ ಬೇಕು. ದೊಡ್ಡ ಮಸೂರವೆಂದರೆ ದಪ್ಪ ಗಾಜು, ಅಸಾಧ್ಯ ಭಾರ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಒಡಲಿನಲ್ಲಿ ಅಲ್ಲ. ಹಾಗಾದರೆ ಒಡಲಿನ ಗಾಜನ್ನು ತೆಗೆದು, ಬಾಗಿದ ಮೈಯನ್ನು ಮಾತ್ರ ಬಳೆಬಳೆಯಾಗಿ ಉಳಿಸಿಕೊಂಡರಾಯಿತು! ಹೆಸೀಟಾದಲ್ಲಿರುವುದು ಇಂಗ್ಲೆಂಡಿನಲ್ಲಿ ತಯಾರಾದ ಇಂಥದೇ ಮಸೂರ. ಶಾಲೆಯ ಓವರ್‌ಹೆಡ್ ಪ್ರೊಜೆಕ್ಟರಿನ ಗೀರುಗೀರಾದ ಹಲಗೆಯೂ ಇದರ ವಂಶದ್ದೇ.

ದೀಪ ಸಮುದ್ರ ಮಟ್ಟದಿಂದ 205 ಅಡಿ, ಅಂದರೆ ಸುಮಾರು 62.5 ಮೀಟರು ಎತ್ತರದಲ್ಲಿದೆ. ದಿಗಂತ ಎಷ್ಟು ದೂರ? ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 3.6ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ. 62.5ರ ವರ್ಗಮೂಲ ಸುಮಾರು 7.9, ಉತ್ತರ ಸುಮಾರು 28 ಕಿಲೋಮೀಟರು. ಹಡಗಿನ ಅಟ್ಟದ ಮೇಲೆ ನಿಂತ ನಾವಿಕನಿಗೆ ಇನ್ನೂ ದೂರದಿಂದ ಕಾಣುತ್ತದೆ.

ಡಿಸೆಂಬರ್ ಕೊನೆಯ ವಾರ ಮತ್ತು ಮಾರ್ಚ್ ಕೊನೆಯ ವಾರ ಸ್ವಯಂಸೇವಕರಿಗೆ ಹಬ್ಬ. ಆಗ ಬೂದು ತಿಮಿಂಗಿಲಗಳ ಮೆರವಣಿಗೆ. ಆರ್ಕ್ಟಿಕ್ ಬಳಿಯ ಬೇರಿಂಗ್ ಸಮುದ್ರದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಹೋಗಿ ಬರುವ ಅವುಗಳ ವರ್ಷದ ಪ್ರಯಾಣ 16 ಸಾವಿರ ಕಿಲೋಮೀಟರಿಗೂ ಹೆಚ್ಚು. ನ್ಯೂಪೋರ್ಟ್‌ನ ಹ್ಯಾಟ್‌ಫೀಲ್ಡ್ ಸಾಗರ ವಿಜ್ಞಾನ ಕೇಂದ್ರದ ಡಾನ್ ಜೈಲ್ಸ್ 1978ರಲ್ಲಿ ಆರಂಭಿಸಿದ ತಿಮಿಂಗಿಲ ವೀಕ್ಷಣೆಯ ಕಾರ್ಯಕ್ರಮಕ್ಕೆ ಸ್ವಯಂಸೇವಕರೇ ಬೆನ್ನೆಲುಬು. ಚಳಿಗಾಳಿಯಲ್ಲಿ ನಿಂತು, ದೂರದಲ್ಲಿ ಹಬೆಯಂತೆ ಚಿಮ್ಮುವ ತಿಮಿಂಗಿಲದ ಉಸಿರನ್ನು ಮಕ್ಕಳಿಗೆ ತೋರಿಸುತ್ತಾರೆ. ಈಚಿನ ವರ್ಷಗಳಲ್ಲಿ ಈ ಸಂತೋಷದಲ್ಲಿ ಆತಂಕವೂ ಸೇರಿದೆ. ವಿಜ್ಞಾನಿಗಳ ಅಂದಾಜಿನಂತೆ 2016ರಲ್ಲಿ ಸುಮಾರು 27 ಸಾವಿರವಿದ್ದ ಈ ತಿಮಿಂಗಿಲಗಳು 2025ರ ಹೊತ್ತಿಗೆ ಸುಮಾರು 13 ಸಾವಿರಕ್ಕೆ ಇಳಿದಿದ್ದವು. ಆರ್ಕ್ಟಿಕ್ ಸಮುದ್ರದ ತಳದಲ್ಲಿ ಆಹಾರ ಬದಲಾಗುತ್ತಿರುವುದು ಮುಖ್ಯ ಕಾರಣವೆನ್ನುತ್ತಾರೆ.

ಮರಳು ಯಾರದು?

ಇಷ್ಟೆಲ್ಲ ಯಾರಿಗಾಗಿ ಮಾಡುವುದು? ಉತ್ತರ ಆರೆಗಾನಿನ ಇತಿಹಾಸದಲ್ಲಿದೆ. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಅವರ ಕಾಲದಲ್ಲಿ, ಅಲೆ ತೋಯಿಸುವ ದಡವನ್ನೆಲ್ಲ ಸಾರ್ವಜನಿಕ ಹೆದ್ದಾರಿ ಎಂದು ಘೋಷಿಸಿದರು. ಅದರಾಚೆಯ ಒಣ ಮರಳು ಯಾರದೆಂಬುದು ಬಗೆಹರಿಯದೆ ಉಳಿಯಿತು. 1966ರಲ್ಲಿ ಒಬ್ಬ ಮೋಟೆಲ್ ಮಾಲೀಕ ತನ್ನ ಗಿರಾಕಿಗಳಿಗೆಂದು ಒಣ ಮರಳಿಗೆ ಬೇಲಿ ಹಾಕಿದಾಗ ಜನ ಎದ್ದರು. 1967ರಲ್ಲಿ ಗವರ್ನರ್ ಟಾಮ್ ಮೆಕಾಲ್ ಸಹಿ ಹಾಕಿದ ಕಾನೂನು, ಒಣ ಮರಳಿನ ಮೇಲೂ ಜನರ ಹಕ್ಕನ್ನು ಎತ್ತಿಹಿಡಿಯಿತು. ಸುಮಾರು 362 ಮೈಲಿ ಉದ್ದದ ಕಡಲತೀರದಲ್ಲಿ ಯಾರು ಬೇಕಾದರೂ ಓಡಾಡಬಹುದು.

ಎಲ್ಲರದೂ ಆದದ್ದು ಯಾರದೂ ಅಲ್ಲದ್ದಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಮ್ಮ ಊರಿನ ಕೆರೆ, ಬಸ್‌ಸ್ಟ್ಯಾಂಡುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆರೆಗಾನಿನಲ್ಲಿ ಹಕ್ಕು ಸಿಕ್ಕಮೇಲೆ ಹೊಣೆಯೂ ಬಂತು. 1984ರ ಅಕ್ಟೋಬರಿನಲ್ಲಿ ರಾಜ್ಯದ ಕಡಲತೀರವನ್ನೆಲ್ಲ ಒಂದೇ ದಿನ ಗುಡಿಸಲು 2,100 ಮಂದಿ ಬಂದರು. ಕೂಡಿಸಿದ ಕಸ ಸುಮಾರು 26 ಟನ್. 2011ರ ಸುನಾಮಿಯಲ್ಲಿ ಜಪಾನಿನ ಮಿಸಾವಾ ಬಂದರಿನಿಂದ ಕಿತ್ತುಬಂದ 66 ಅಡಿ ಉದ್ದದ ಕಾಂಕ್ರೀಟಿನ ಧಕ್ಕೆಯೊಂದು ಸಾಗರ ದಾಟಿ, 2012ರ ಜೂನಿನಲ್ಲಿ ನ್ಯೂಪೋರ್ಟ್ ಬಳಿಯ ಆಗೇಟ್ ಬೀಚಿಗೆ ಬಂದು ಬಿತ್ತು. ಅದರ ಮೈತುಂಬ ಪರದೇಶದ ಚಿಪ್ಪು, ಪಾಚಿ, ಏಡಿಗಳು. ಸ್ಥಳೀಯ ಜೀವಿಗಳಿಗೆ ಅವು ಮಾರಕವಾಗಬಹುದೆಂದು ಅಧಿಕಾರಿಗಳೊಂದಿಗೆ ಸ್ವಯಂಸೇವಕರೂ ನಿಂತು ಕೆರೆದು ತೆಗೆದರು.

ಗುಡ್ಡ ಹತ್ತುವ ದಾರಿ

ಈ ಕಡಲು ನೋಡಲು ಚೆಂದ, ನಂಬಲು ಕಷ್ಟ. ದಡದಲ್ಲಿ ಬಿದ್ದಿರುವ ದೊಡ್ಡ ದಿಮ್ಮಿಗಳನ್ನು ಕಂಡರೆ ಮಕ್ಕಳಿಗೆ ಹತ್ತಿ ಕೂರುವ ಆಸೆ. ಟನ್ನುಗಟ್ಟಲೆ ತೂಗುವ ದಿಮ್ಮಿಯೂ ನೀರಿಗಿಂತ ಹಗುರ. ಕೆಲವೇ ಅಂಗುಲ ನೀರು ಬಂದರೂ ಉರುಳಿ ಮನುಷ್ಯನನ್ನು ಅಡಿಗೆ ಹಾಕಿಕೊಳ್ಳಬಲ್ಲದು. ಹೇಳದೆ ಕೇಳದೆ ಮೇಲೇರಿ ಬರುವ ದೊಡ್ಡ ಅಲೆಗಳು ಅಲ್ಲಿ ಸಾಮಾನ್ಯ. ಕಡಲಿಗೆ ಬೆನ್ನು ಹಾಕಬೇಡಿ ಎಂಬುದು ಆತಿಥೇಯರು ದಿನವೂ ಹೇಳುವ ಮಾತು.

ಇದಕ್ಕಿಂತ ದೊಡ್ಡ ಭಯ ನೆಲದಡಿಯದು. ದಡದಾಚೆ ಕಡಲತಳದ ಒಂದು ಫಲಕ ಇನ್ನೊಂದರ ಕೆಳಗೆ ತೂರುತ್ತಿದೆ. 1700ರ ಜನವರಿ 26ರಂದು ಅಲ್ಲಿ ಸುಮಾರು 9ರ ಪ್ರಮಾಣದ ಭೂಕಂಪವಾಯಿತು. ಅದರ ಸುನಾಮಿ ಜಪಾನನ್ನು ಮುಟ್ಟಿತ್ತು. ಅಲ್ಲಿನ ಹಳೆಯ ದಾಖಲೆಗಳನ್ನು ಓದಿಯೇ 1996ರಲ್ಲಿ ವಿಜ್ಞಾನಿಗಳು ದಿನಾಂಕವನ್ನು ಖಚಿತಪಡಿಸಿದರು. ಮತ್ತೊಮ್ಮೆ ಅಂಥದಾದರೆ ಅಲೆ ದಡ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಸಾಕು. ಸೈರನ್ನಿಗಾಗಿ ಕಾಯುವಂತಿಲ್ಲ, ಗಾಡಿ ಹೊರಡಿಸುವಂತಿಲ್ಲ. ನೆಲದ ಅಲುಗಾಟವೇ ಎಚ್ಚರಿಕೆ. ಎಪ್ಪತ್ತರ ಆತಿಥೇಯರಿಗೆ ಗುಡ್ಡದ ದಾರಿ ಕಣ್ಣುಮುಚ್ಚಿದರೂ ಗೊತ್ತಿರಬೇಕು, ಕೇಳಿದ ಪ್ರವಾಸಿಗಳಿಗೂ ತೋರಿಸಬೇಕು.

ನಾಣ್ಯದ ಇನ್ನೊಂದು ಮುಖ

ಚಕ್ರದ ಮೇಲಿನ ಬದುಕೆಲ್ಲ ಸ್ವಂತ ಇಚ್ಛೆಯದೆಂದು ತಿಳಿಯಬಾರದು. 2008ರ ಆರ್ಥಿಕ ಕುಸಿತದ ನಂತರ ಮನೆ ಕಳೆದುಕೊಂಡು, ಸಾಲದ ಪಿಂಚಣಿಯಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡು ಕೂಲಿ ಹುಡುಕುತ್ತ ಅಲೆದ ಹಿರಿಯರೂ ಇದ್ದಾರೆ. ಜೆಸ್ಸಿಕಾ ಬ್ರೂಡರ್ ಅವರ 2017ರ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಮತ್ತು ಅದೇ ಹೆಸರಿನ ಚಲನಚಿತ್ರ ಹೇಳುವುದು ಅವರ ಕಥೆಯನ್ನು. ಪಿಂಚಣಿ, ಆರೋಗ್ಯ ವಿಮೆ ಗಟ್ಟಿಯಿದ್ದವರಿಗೆ ಸಂಬಳವಿಲ್ಲದ ಕೆಲಸ ಸಂತೋಷ; ಇಲ್ಲದವರಿಗೆ ಅದೇ ಕೆಲಸ ಬಾಡಿಗೆ ಉಳಿಸುವ ದಾರಿ. ಎರಡೂ ಗಾಡಿಗಳು ಹೊರಗಿನಿಂದ ಒಂದೇ ತರಹ ಕಾಣುತ್ತವೆ.

ದೇಹವೂ ಕೇಳಬೇಕಲ್ಲ. ಇಬ್ಬರಲ್ಲಿ ಒಬ್ಬರ ಕಣ್ಣು ಮಂಜಾದರೆ, ಮೊಣಕಾಲು ಸೋತರೆ, ಇಲ್ಲವೇ ಒಬ್ಬರೇ ಉಳಿದರೆ ಗಾಡಿ ನಡೆಸುವವರು ಯಾರು? ಇದನ್ನು ಯೋಚಿಸಿಯೇ ಎಸ್ಕೇಪೀಸ್ ಎಂಬ ಆರ್.ವಿ. ವಾಸಿಗಳ ಸಂಘ ಟೆಕ್ಸಾಸಿನ ಲಿವಿಂಗ್‌ಸ್ಟನ್ನಿನಲ್ಲಿ ಒಂದು ಆಸರೆ ಕೇಂದ್ರ ಕಟ್ಟಿತು. ಪ್ರಯಾಣ ಮಾಡಲಾಗದ ಹಿರಿಯರು ತಮ್ಮ ಗಾಡಿಯಲ್ಲೇ ಇದ್ದುಕೊಂಡು ಊಟ, ಆರೈಕೆ ಪಡೆಯುವ ವ್ಯವಸ್ಥೆ ಅಲ್ಲಿ ರೂಪುಗೊಂಡಿತು. ಅನುಭವಸ್ಥರು ಇನ್ನೊಂದು ಕಿವಿಮಾತು ಹೇಳುತ್ತಾರೆ: ಗಾಡಿ ನಡೆಸುವುದನ್ನೂ ತೊಟ್ಟಿ ಖಾಲಿ ಮಾಡುವುದನ್ನೂ ಗಂಡ ಹೆಂಡತಿ ಇಬ್ಬರೂ ಕಲಿತಿರಬೇಕು.

ಪೋರ್ಟ್‌ಲೆಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ಕನ್ನಡದ ಮಕ್ಕಳು ಬೇಸಗೆಗೆ ಬಂದ ತಂದೆ ತಾಯಿಯನ್ನು ಈ ಕಡಲತೀರಕ್ಕೆ ಕರೆದೊಯ್ಯುವುದುಂಟು. ಬೂದಿಯ ಬಕೆಟು ಹಿಡಿದ ಮುದುಕರು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರೋ, ಕಚೇರಿ ನಡೆಸಿದವರೋ ಆಗಿರಬಹುದೆಂದು ನೋಡಿದ ಕೂಡಲೇ ಹೊಳೆಯುವುದಿಲ್ಲ. ಕಸ ಗುಡಿಸುವುದು ಕೀಳು, ಓದು ಮೇಲು ಎಂದು ಮಕ್ಕಳಿಗೆ ಹೇಳಿಕೊಡುವ ನಾವು ಯೋಚಿಸಬೇಕಾದ್ದು ಇದನ್ನೇ. ವಿದ್ಯುತ್ತಿನ ಲೆಕ್ಕ, ಫ್ರೆನೆಲ್ ಮಸೂರ, ತೇಲುವ ದಿಮ್ಮಿಯ ತತ್ವ, ಯಾವುದೂ ಆ ಕೈಗಳಿಗೆ ಪೊರಕೆ ಹಿಡಿಯಲು ಅಡ್ಡ ಬರಲಿಲ್ಲ. ತಿಂಗಳು ಮುಗಿದಾಗ ಅವರು ಮೇಲಂಗಿ ಮತ್ತು ಬೀಗದಕೈ ಒಪ್ಪಿಸಿ ಮುಂದಿನ ಉದ್ಯಾನಕ್ಕೆ ಹೊರಡುತ್ತಾರೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಜೋಡಿ ಬರುತ್ತದೆ. ತಮ್ಮ ಹೆಸರಿನಲ್ಲಿ ಒಂದಂಗುಲವೂ ಇಲ್ಲದ ನೆಲವನ್ನು ಗುಡಿಸುವ ಕೆಲಸ ಮುಂದುವರಿಯುತ್ತದೆ.